ಲಂಗೋಟಿ ಹೇಳುವ ಲೆಕ್ಕ

ಇವತ್ತಿನ ಮಾತಿನ ವಿಷಯ ಕೇಳಿ ನಿಮ್ಮಲ್ಲಿ ಕೆಲವರು ಮೂಗು ಮುರಿಯಬಹುದು, ಕೆಲವರು ನಗಲೂಬಹುದು. ಎದೆಹಾಲು ಕುಡಿಯುವ ಕೂಸಿನ ಲಂಗೋಟಿಯಲ್ಲಿ ಏನಿರುತ್ತದೆ, ಅದು ದಿನ ಕಳೆದಂತೆ ಹೇಗೆ ಬದಲಾಗುತ್ತದೆ ಎಂಬುದೇ ಆ ವಿಷಯ. ಪರೀಕ್ಷೆಯಲ್ಲಿ ಇದರ ಬಗ್ಗೆ ಪ್ರಶ್ನೆ ಬರುವುದಿಲ್ಲ, ನಿಜ. ಆದರೆ ನಿಮ್ಮಲ್ಲಿ ಎಷ್ಟೋ ಜನರ ಮನೆಗೆ ಅಕ್ಕನೋ ಚಿಕ್ಕಮ್ಮನೋ ಬಾಣಂತನಕ್ಕೆ ಬಂದಿರುತ್ತಾರೆ, ಇಲ್ಲವೇ ಬರಲಿದ್ದಾರೆ. ಅಂಥ ಮನೆಯಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುವ ಒಂದು ಮಾತಿದೆ. "ಪಾಪ, ಮಗುವಿಗೆ ಹಾಲು ಸಾಲುತ್ತಿಲ್ಲವೇನೋ!" ಅಜ್ಜಿ ಹೇಳುತ್ತಾರೆ, ಪಕ್ಕದ ಮನೆಯವರು ಹೇಳುತ್ತಾರೆ, ಮಗುವನ್ನು ನೋಡಲು ಬಂದ ನೆಂಟರು ತಾಂಬೂಲ ತೆಗೆದುಕೊಂಡು ಹೊರಡುವಾಗ ಹೇಳುತ್ತಾರೆ. ಹೆತ್ತ ತಾಯಿ ಮಾತ್ರ ಏನೂ ಹೇಳದೆ ಕೇಳಿಸಿಕೊಳ್ಳುತ್ತಾಳೆ. ಎಷ್ಟೋ ಮಕ್ಕಳ ಮುಂದಿನ ಆರು ತಿಂಗಳ ಆಹಾರ ಈ ಒಂದು ಮಾತಿನ ಮೇಲೆ ತೀರ್ಮಾನವಾಗಿಬಿಡುತ್ತದೆ.

ಈ ಅನುಮಾನ ಹುಟ್ಟುವುದೇಕೆ? ಬಾಟಲಿಯ ಮೇಲೆ ಗೆರೆಗಳಿರುತ್ತವೆ. ಅರವತ್ತು ಮಿಲಿಲೀಟರ್ ಹಾಕಿದೆವು, ನಲವತ್ತು ಕುಡಿಯಿತು ಎಂದು ಹೇಳಬಹುದು. ತಾಯಿಯ ಎದೆಯ ಮೇಲೆ ಗೆರೆಗಳಿಲ್ಲ. ಒಳಗೆ ಹೋದದ್ದು ಎಷ್ಟು ಎಂಬುದು ಕಣ್ಣಿಗೆ ಕಾಣುವುದಿಲ್ಲ. ಕಾಣದ್ದನ್ನು ಅಳೆಯುವುದು ವಿಜ್ಞಾನಕ್ಕೆ ಹೊಸದಲ್ಲ. ಕೆರೆಗೆ ಎಷ್ಟು ನೀರು ಹರಿದು ಬಂತೆಂದು ತಿಳಿಯದಿದ್ದಾಗ ಕೋಡಿಯಲ್ಲಿ ಎಷ್ಟು ಹೊರಗೆ ಹೋಗುತ್ತಿದೆ ಎಂದು ನೋಡುತ್ತೇವಲ್ಲವೇ? ಕೂಸಿನ ವಿಷಯದಲ್ಲಿ ಆ ಕೋಡಿ ಎಂದರೆ ಲಂಗೋಟಿ.

ಈ ಕಾರ್ಯಕ್ರಮಕ್ಕೆ ಸಿದ್ಧತೆ ಮಾಡುವಾಗ ನಮ್ಮಲ್ಲೇ ಒಂದು ಚರ್ಚೆ ನಡೆಯಿತು. ಕೊಳೆಯಾದ ಲಂಗೋಟಿಯನ್ನು ತೆರೆಯ ಮೇಲೆ ತೋರಿಸುವುದೇ ಬೇಡವೇ? ಊಟದ ಹೊತ್ತಿನಲ್ಲಿ ನೋಡುವವರೂ ಇರುತ್ತಾರೆ ಎಂದು ಒಬ್ಬರು ಎಚ್ಚರಿಸಿದರು. ಕೊನೆಗೆ ಮೇಜಿನ ಮೇಲೆ ನಾಲ್ಕು ತಟ್ಟೆಗಳನ್ನು ಇಟ್ಟೆವು. ಒಂದರಲ್ಲಿ ಡಾಂಬರು, ಇನ್ನೊಂದರಲ್ಲಿ ಬೇಯಿಸಿ ಅರೆದ ಪಾಲಕ್ ಸೊಪ್ಪು, ಮೂರನೆಯದರಲ್ಲಿ ಅರಿಶಿನ ಬೆರೆಸಿ ತರಿತರಿಯಾಗಿ ಅರೆದ ಸಾಸಿವೆ, ನಾಲ್ಕನೆಯದರಲ್ಲಿ ನೀರಿನಲ್ಲಿ ಕಲಸಿದ ಸೀಮೆಸುಣ್ಣ. ಊಟದ ಪದಾರ್ಥಗಳನ್ನು ಬಳಸಿದ್ದರಿಂದ ಊಟ ಮಾಡುವವರಿಗೆ ಹೆಚ್ಚು ತೊಂದರೆಯಾಯಿತೇ ಹೊರತು ಕಡಿಮೆಯಾಗಲಿಲ್ಲ. ಇರಲಿ.

ಮೊದಲ ತಟ್ಟೆ ಡಾಂಬರಿನದು. ಹುಟ್ಟಿದ ಮಗುವಿನ ಮೊದಲ ಮಲ ಹಾಗೆಯೇ ಇರುತ್ತದೆ: ಹಸಿರು ಮಿಶ್ರಿತ ಕಪ್ಪು, ಅಂಟು, ಹೆಚ್ಚುಕಡಿಮೆ ವಾಸನೆಯೇ ಇಲ್ಲ. ಒರೆಸಿದರೆ ಹೋಗುವುದಿಲ್ಲ. ವೈದ್ಯರು ಇದನ್ನು ಮೆಕೋನಿಯಂ ಎನ್ನುತ್ತಾರೆ. ಗಸಗಸೆ ಗಿಡದ ಕಪ್ಪು ರಸಕ್ಕೆ ಗ್ರೀಕರು ಇಟ್ಟಿದ್ದ ಹೆಸರಿನಿಂದ ಬಂದ ಪದವಿದು. ಗರ್ಭದಲ್ಲಿದ್ದಾಗ ಮಗು ಏನನ್ನೂ ತಿಂದಿರುವುದಿಲ್ಲ, ಹಾಗಾದರೆ ಇದು ಎಲ್ಲಿಂದ ಬಂತು? ಮಗು ಗರ್ಭಜಲವನ್ನು ನುಂಗುತ್ತಿರುತ್ತದೆ. ಅದರ ಜೊತೆಗೆ ಹೋದ ಚರ್ಮದ ಕಣಗಳು, ನವಿರು ಕೂದಲು, ಕರುಳಿನ ಒಳಗೋಡೆಯಿಂದ ಉದುರಿದ ಜೀವಕೋಶಗಳು, ಲೋಳೆ, ಪಿತ್ತರಸ ಎಲ್ಲವೂ ಸೇರಿ ಕರುಳಿನಲ್ಲಿ ಶೇಖರವಾಗಿರುತ್ತವೆ. ಬಹುತೇಕ ಮಕ್ಕಳು ಹುಟ್ಟಿದ 24 ಗಂಟೆಗಳೊಳಗೆ ಇದನ್ನು ಹೊರಹಾಕುತ್ತವೆ. 48 ಗಂಟೆ ಕಳೆದರೂ ಹೋಗಲಿಲ್ಲವೆಂದರೆ ಕರುಳಿನಲ್ಲಿ ಅಡಚಣೆ ಇರಬಹುದು, ವೈದ್ಯರು ನೋಡಲೇಬೇಕು.

ಇಲ್ಲಿ ಸ್ವಲ್ಪ ನಿಲ್ಲೋಣ, ಏಕೆಂದರೆ ಈ ಡಾಂಬರಿನಲ್ಲಿ ಸೊಗಸಾದ ರಸಾಯನಶಾಸ್ತ್ರವಿದೆ. ಗರ್ಭದಲ್ಲಿದ್ದಾಗ ಮಗುವಿಗೆ ಕೆಂಪು ರಕ್ತಕಣಗಳು ಹೆಚ್ಚು ಬೇಕು. ಹುಟ್ಟಿ ಉಸಿರಾಡಲು ಆರಂಭಿಸಿದ ಮೇಲೆ ಅಷ್ಟು ಬೇಡ. ಹೆಚ್ಚುವರಿ ಕಣಗಳು ಒಡೆಯುತ್ತವೆ. ಅವುಗಳ ಹಿಮೋಗ್ಲೋಬಿನ್ ಮೊದಲು ಹಸಿರು ಬಣ್ಣದ ಬಿಲಿವರ್ಡಿನ್ ಆಗಿ, ಅನಂತರ ಹಳದಿ ಬಣ್ಣದ ಬಿಲಿರುಬಿನ್ ಆಗುತ್ತದೆ. ಯಕೃತ್ತು ಇದನ್ನು ಪಿತ್ತರಸದ ಮೂಲಕ ಕರುಳಿಗೆ ಕಳಿಸುತ್ತದೆ. ಕರುಳಿನಿಂದ ಅದು ಬೇಗ ಹೊರಗೆ ಹೋದರೆ ಸರಿ. ಮಲ ಒಳಗೇ ನಿಂತರೆ ಬಿಲಿರುಬಿನ್ ಮತ್ತೆ ರಕ್ತಕ್ಕೆ ಹೀರಿಕೊಳ್ಳುತ್ತದೆ, ಮಗುವಿನ ಮೈ ಹಳದಿಯಾಗುತ್ತದೆ. ಸಾಮಾನ್ಯ ಕಾಮಾಲೆಯಲ್ಲಿ ಇದರದೂ ಒಂದು ಪಾಲಿದೆ. ಮೊದಲ ದಿನಗಳ ಗಟ್ಟಿಯಾದ ಹಳದಿ ಹಾಲು, ಅಂದರೆ ಕೊಲಸ್ಟ್ರಮ್, ಕರುಳನ್ನು ಸಡಿಲಿಸಿ ಈ ಕಪ್ಪು ಮಲವನ್ನು ಹೊರದೂಡಲು ನೆರವಾಗುತ್ತದೆ. "ಕೆಟ್ಟ ಹಾಲು" ಎಂದು ಕೆಲವು ಮನೆಗಳಲ್ಲಿ ಹಿಂಡಿ ಚೆಲ್ಲುತ್ತಿದ್ದುದು ಇದನ್ನೇ! ಅದು ಮೊದಲ ದಿನ ಸಿಗುವುದೇ ಕೆಲವು ಚಮಚ, ಮಗುವಿಗೆ ಬೇಕಾದದ್ದೂ ಅಷ್ಟೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಶೇಕಡಾ 88.6ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ನಡೆದಿವೆ, ಆದರೆ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಪಡೆದ ಮಕ್ಕಳು ಶೇಕಡಾ 41.8 ಮಾತ್ರ. ಮನೆಯಿಂದ ಆಸ್ಪತ್ರೆಗೆ ಹೋಗಲು ಕಲಿತಿದ್ದೇವೆ, ಮೊದಲ ಗಂಟೆಯ ಬೆಲೆಯನ್ನು ಇನ್ನೂ ಕಲಿತಿಲ್ಲ.

ಎರಡನೆಯ ತಟ್ಟೆ ಪಾಲಕ್. ಮೂರನೆಯ ದಿನದ ಹೊತ್ತಿಗೆ ಕಪ್ಪು ಹೋಗಿ ಕಂದುಹಸಿರು ಬರುತ್ತದೆ. ಹಾಲು ಇಳಿಯತೊಡಗಿದೆ ಎಂದರ್ಥ. ಒಂದೆರಡು ದಿನ ಇರುವ ಬಣ್ಣವಿದು. ಐದನೆಯ ದಿನವೂ ಮಲ ಕಪ್ಪಾಗಿಯೇ ಇದ್ದರೆ ಮಾತ್ರ ಹಾಲು ಸರಿಯಾಗಿ ಒಳಗೆ ಹೋಗುತ್ತಿಲ್ಲ ಎಂದು ತಿಳಿಯಬೇಕು.

ನಾಲ್ಕೈದು ದಿನಗಳಿಗೆ ಮೂರನೆಯ ತಟ್ಟೆ ಬರುತ್ತದೆ. ಸಾಸಿವೆಯ ಹಳದಿ, ತೆಳು, ನಡುನಡುವೆ ಬೀಜದಂಥ ಕಾಳುಗಳು. ದಿನಕ್ಕೆ ಮೂರು, ನಾಲ್ಕು, ಕೆಲವು ಮಕ್ಕಳಲ್ಲಿ ಹಾಲು ಕುಡಿದಾಗಲೆಲ್ಲ ಒಂದು ಸಲ. ಹೊಟ್ಟೆಗೆ ಆಹಾರ ಬಿದ್ದೊಡನೆ ದೊಡ್ಡಕರುಳು ಚಲಿಸುವ ಪ್ರತಿವರ್ತನೆ ಎಳೆಯ ಮಕ್ಕಳಲ್ಲಿ ಚುರುಕು. ಇದನ್ನು ಕಂಡು "ಮಗುವಿಗೆ ಭೇದಿ" ಎಂದು ಗಾಬರಿಯಾಗಿ ಔಷಧಿ ತರುವವರಿದ್ದಾರೆ, "ತಾಯಿ ಏನೋ ತಿಂದಿರಬೇಕು" ಎಂದು ಅವಳ ಊಟವನ್ನೇ ಕತ್ತರಿಸುವವರೂ ಇದ್ದಾರೆ. ಎರಡೂ ತಪ್ಪು. ಮಗು ಚುರುಕಾಗಿದ್ದು, ಹಾಲು ಕುಡಿಯುತ್ತಿದ್ದರೆ ಇದು ಆರೋಗ್ಯದ ಬಣ್ಣ. ಭೇದಿಯಾದಾಗ ಆ ಮಗುವಿನ ದಿನನಿತ್ಯದ ರೀತಿ ಥಟ್ಟನೆ ಬದಲಾಗಿ ಬರೀ ನೀರು ಹೋಗುತ್ತದೆ, ಮಗು ಬಾಡುತ್ತದೆ, ಕೆಲವೊಮ್ಮೆ ಜ್ವರವೂ ಇರುತ್ತದೆ. ಮಲದಲ್ಲಿ ರಕ್ತ ಕಂಡರಂತೂ ಕಾಯುವಂತಿಲ್ಲ.

ದೊಡ್ಡವರ ಮಲ ಕಂದು, ಕೂಸಿನದು ಹಳದಿ ಏಕೆ? ನಮ್ಮ ಕರುಳಿನ ಬ್ಯಾಕ್ಟೀರಿಯಾಗಳು ಬಿಲಿರುಬಿನ್ನನ್ನು ಕಂದು ಬಣ್ಣದ ವಸ್ತುವಾಗಿ ಮಾರ್ಪಡಿಸುತ್ತವೆ. ಎದೆಹಾಲು ಕುಡಿಯುವ ಕೂಸಿನ ಕರುಳಿನಲ್ಲಿ ಆ ಕೆಲಸ ಮಾಡುವವು ಇನ್ನೂ ನೆಲೆಗೊಂಡಿರುವುದಿಲ್ಲ. ಅಲ್ಲಿ ಬೇರೆಯದೇ ಪ್ರಜೆಗಳ ರಾಜ್ಯ. 1899ರಲ್ಲಿ ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯಲ್ಲಿ ಆನ್ರಿ ತಿಸ್ಸಿಯೆ ಎಂಬ ವಿಜ್ಞಾನಿ ಎದೆಹಾಲು ಕುಡಿಯುವ ಮಗುವಿನ ಮಲದಿಂದಲೇ ಕವಲೊಡೆದ ಆಕಾರದ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದ. ಅದನ್ನು ಇಂದು ಬೈಫಿಡೋಬ್ಯಾಕ್ಟೀರಿಯಂ ಎನ್ನುತ್ತೇವೆ. ವಿಚಿತ್ರವೆಂದರೆ ತಾಯಿಯ ಹಾಲಿನಲ್ಲಿ ಮಗು ಅರಗಿಸಿಕೊಳ್ಳಲಾಗದ ಕೆಲವು ಸಂಕೀರ್ಣ ಸಕ್ಕರೆಗಳಿವೆ. ಲ್ಯಾಕ್ಟೋಸ್ ಮತ್ತು ಕೊಬ್ಬನ್ನು ಬಿಟ್ಟರೆ ಹಾಲಿನ ಘನಾಂಶದಲ್ಲಿ ಹೆಚ್ಚಾಗಿರುವುದು ಇವೇ. ಮಗುವಿಗೆ ಉಪಯೋಗವಿಲ್ಲದ ಆಹಾರವನ್ನು ತಾಯಿಯ ದೇಹ ಯಾಕೆ ತಯಾರಿಸುತ್ತದೆ? ಅದು ಈ ಬ್ಯಾಕ್ಟೀರಿಯಾಗಳಿಗೆ ಬಡಿಸಿದ ಊಟ! ಅವು ಅದನ್ನು ತಿಂದು ಆಮ್ಲಗಳನ್ನು ಬಿಡುತ್ತವೆ, ಆ ಆಮ್ಲೀಯ ಪರಿಸರದಲ್ಲಿ ಅನೇಕ ರೋಗಾಣುಗಳು ಬೆಳೆಯಲಾರವು. ಎದೆಹಾಲಿನ ಕೂಸಿನ ಲಂಗೋಟಿಯಿಂದ ದುರ್ವಾಸನೆಯ ಬದಲು ಮಜ್ಜಿಗೆಯ ಹುಳಿವಾಸನೆ ಬರುವುದು ಇದರಿಂದಲೇ. ಲಂಗೋಟಿ ಒಗೆಯುವ ಅಜ್ಜಿಯರಿಗೆ ಇದು ತಿಸ್ಸಿಯೆಗಿಂತ ಮೊದಲೇ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ ಅಷ್ಟೆ.

ಇನ್ನು ಮೂತ್ರದ ಲೆಕ್ಕ. ಇದು ಸುಲಭ. ಮೊದಲ ದಿನ ಒಂದು ಒದ್ದೆ ಲಂಗೋಟಿ, ಎರಡನೆಯ ದಿನ ಎರಡು, ಮೂರನೆಯ ದಿನ ಮೂರು ಇದ್ದರೆ ಸಾಕು. ಐದಾರು ದಿನಗಳಾದ ಮೇಲೆ 24 ಗಂಟೆಗಳಲ್ಲಿ ಕನಿಷ್ಠ ಆರು ಸಲ ಚೆನ್ನಾಗಿ ಒದ್ದೆಯಾಗಬೇಕು. ಮೂತ್ರ ನೀರಿನಂತೆ ತಿಳಿಯಾಗಿರಬೇಕು. ಮೊದಲ ಎರಡು ಮೂರು ದಿನ ಬಟ್ಟೆಯ ಮೇಲೆ ಇಟ್ಟಿಗೆ ಪುಡಿಯಂಥ ಕಿತ್ತಳೆ ಕಲೆ ಕಂಡರೆ ರಕ್ತವೆಂದು ಹೆದರಬೇಡಿ, ಅವು ಯೂರೇಟ್ ಹರಳುಗಳು. ನಾಲ್ಕೈದು ದಿನಗಳ ನಂತರವೂ ಅದು ಕಂಡರೆ ಮಗುವಿಗೆ ದ್ರವ ಸಾಲುತ್ತಿಲ್ಲ ಎಂಬ ಸೂಚನೆ.

ನಮ್ಮ ಹಳೆಯ ಸೀರೆಯ ಲಂಗೋಟಿ ಈ ಲೆಕ್ಕಕ್ಕೆ ಬಹಳ ಪ್ರಾಮಾಣಿಕವಾದ ಉಪಕರಣ. ಒದ್ದೆಯಾದರೆ ಕೈಗೆ ತಿಳಿಯುತ್ತದೆ. ಈಗಿನ ಎಸೆಯುವ ಡೈಪರಿನಲ್ಲಿ ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಪಾಲಿಮರ್ ಇರುತ್ತದೆ. ತನ್ನ ತೂಕದ ಅನೇಕ ಪಟ್ಟು ನೀರನ್ನು ಹೀರಿ ಜೆಲ್ಲಿಯಂತೆ ಹಿಡಿದುಕೊಳ್ಳುವ ವಸ್ತುವಿದು. ಮೇಲೆ ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ. ನೀವೇ ಒಂದು ಪ್ರಯೋಗ ಮಾಡಿ. ಒಣ ಡೈಪರಿಗೆ ಮೂರು ದೊಡ್ಡ ಚಮಚ, ಅಂದರೆ ಸುಮಾರು 45 ಮಿಲಿಲೀಟರ್ ನೀರು ಹಾಕಿ ಕೈಯಲ್ಲಿ ಹಿಡಿದು ನೋಡಿ. ಆ ಭಾರವನ್ನು ನೆನಪಿಟ್ಟುಕೊಳ್ಳಿ. ವಾರ ಕಳೆದ ಮಗುವಿನ ಚೆನ್ನಾಗಿ ಒದ್ದೆಯಾದ ಡೈಪರ್ ಹೆಚ್ಚುಕಡಿಮೆ ಅಷ್ಟು ಭಾರವಿರುತ್ತದೆ.

ಹಾಲು ಕುಡಿಯುವ ರೀತಿಗೆ ಬರೋಣ. ಎರಡು ಗಂಟೆಗೊಮ್ಮೆ, ಹತ್ತು ನಿಮಿಷ ಎಂದು ಗಡಿಯಾರ ನೋಡಿ ಕುಡಿಸುವ ಪದ್ಧತಿ ಒಂದು ಕಾಲದಲ್ಲಿ ಪುಸ್ತಕಗಳಲ್ಲಿತ್ತು. ಮಕ್ಕಳು ಆ ಪುಸ್ತಕಗಳನ್ನು ಓದಿರಲಿಲ್ಲ. ಆಸ್ಟ್ರೇಲಿಯಾದ ಪರ್ತ್ ನಗರದ ಸಂಶೋಧಕರು 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದರಿಂದ ಆರು ತಿಂಗಳ, ಎದೆಹಾಲು ಮಾತ್ರ ಕುಡಿಯುವ ಮಕ್ಕಳಿದ್ದ 71 ತಾಯಂದಿರು ಒಂದು ಇಡೀ ದಿನ ಪ್ರತಿ ಸಲ ಹಾಲೂಡುವ ಮೊದಲು ಮತ್ತು ನಂತರ ತೂಕ ನೋಡಿ ಬರೆದಿಟ್ಟರು. ದಿನಕ್ಕೆ 6 ಸಲ ಕುಡಿದ ಮಗುವೂ ಇತ್ತು, 18 ಸಲ ಕುಡಿದ ಮಗುವೂ ಇತ್ತು. ಒಂದು ಮಗು ದಿನಕ್ಕೆ 478 ಗ್ರಾಂ ಹಾಲು ಕುಡಿದರೆ ಇನ್ನೊಂದು 1356 ಗ್ರಾಂ! ಎಲ್ಲವೂ ಚೆನ್ನಾಗಿ ಬೆಳೆಯುತ್ತಿದ್ದ ಮಕ್ಕಳೇ. ಇನ್ನೊಂದು ಸ್ವಾರಸ್ಯ: ಒಂದು ತಿಂಗಳಿನಿಂದ ಆರು ತಿಂಗಳವರೆಗೆ ಮಗು ದಪ್ಪವಾಗುತ್ತ ಹೋದರೂ ಅದು ದಿನಕ್ಕೆ ಕುಡಿಯುವ ಹಾಲು ಸರಾಸರಿಯಲ್ಲಿ ಹೆಚ್ಚು ಬದಲಾಗುವುದಿಲ್ಲ. ಹೀಗಿರುವಾಗ ಪಕ್ಕದ ಮನೆಯ ಮಗುವಿನೊಂದಿಗೆ ಹೋಲಿಸುವುದರಲ್ಲಿ ಏನರ್ಥ?

ಅಪಾಯದ ಹೊತ್ತು ಸಂಜೆಯದು. ಹಗಲೆಲ್ಲ ಸರಿಯಾಗಿದ್ದ ಮಗು ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಎದೆ ಬಿಡುವುದೇ ಇಲ್ಲ. ಕುಡಿಯುತ್ತದೆ, ಅಳುತ್ತದೆ, ಮತ್ತೆ ಕುಡಿಯುತ್ತದೆ. ಎರಡು ಮೂರು ವಾರಗಳಲ್ಲೊಮ್ಮೆ, ಆರನೆಯ ವಾರದ ಸುಮಾರಿಗೆ ಇನ್ನೊಮ್ಮೆ ಇದು ಜೋರಾಗುವುದನ್ನು ಅನೇಕ ತಾಯಂದಿರು ಕಂಡಿರುತ್ತಾರೆ. ಮನೆಯವರ ತೀರ್ಪು ಸಿದ್ಧ: ಹಾಲಿಲ್ಲ. ಬಾಟಲಿ ಬರುತ್ತದೆ, ಮಗು ಗಟಗಟ ಕುಡಿದು ಮಲಗುತ್ತದೆ. "ನೋಡಿದೆಯಾ, ಹಸಿದಿತ್ತು" ಎನ್ನುತ್ತಾರೆ. ಮುಂದೆ ಏನಾಗುತ್ತದೆ ನೋಡಿ. ಎದೆಯಿಂದ ಹಾಲು ಖಾಲಿಯಾದಷ್ಟೂ ಹೊಸ ಹಾಲು ಬೇಗ ಉತ್ಪತ್ತಿಯಾಗುತ್ತದೆ, ತುಂಬಿಯೇ ನಿಂತರೆ ಉತ್ಪತ್ತಿ ನಿಧಾನವಾಗುತ್ತದೆ. ಬಾಟಲಿ ಕುಡಿದು ಮಲಗಿದ ಮಗು ಎದೆಯ ಹಾಲನ್ನು ಅಲ್ಲೇ ಬಿಟ್ಟಿತು. ದೇಹ ಅದನ್ನು "ಇಷ್ಟು ಬೇಡ" ಎಂದು ಓದಿಕೊಂಡಿತು. ನಾಳೆ ಸ್ವಲ್ಪ ಕಡಿಮೆ, ನಾಡಿದ್ದು ಇನ್ನೂ ಕಡಿಮೆ. ಕೆಲವು ವಾರಗಳಲ್ಲಿ ಇಲ್ಲದ ಕೊರತೆ ನಿಜವಾದ ಕೊರತೆಯಾಗುತ್ತದೆ. ಇಂಥ ಸಂಜೆಯಲ್ಲಿ ಬಾಟಲಿಗಿಂತ ಮೊದಲು ಬೇಕಾದದ್ದು ಬೆಳಗಿನಿಂದ ಎಷ್ಟು ಲಂಗೋಟಿ ಒದ್ದೆಯಾಗಿವೆ ಎಂಬ ಲೆಕ್ಕ. ಏಳೆಂಟು ಆಗಿದ್ದರೆ, ಮಗುವಿನ ತೂಕ ಏರುತ್ತಿದ್ದರೆ, ಹಾಲು ಇದೆ.

ಅಳುವ ಮಗುವಿನ ಬಗ್ಗೆ ಇಷ್ಟು ಗಾಬರಿಯಾಗುವ ನಾವು ಅಳದ ಮಗುವಿನ ಬಗ್ಗೆ ನಿಶ್ಚಿಂತರಾಗಿರುತ್ತೇವೆ. ನನ್ನ ದೃಷ್ಟಿಯಲ್ಲಿ ಇದು ಇನ್ನೂ ದೊಡ್ಡ ತಪ್ಪು. "ಎಷ್ಟು ಸಾಧು ಮಗು, ಮಲಗಿದರೆ ಆರು ಗಂಟೆ ಏಳುವುದೇ ಇಲ್ಲ" ಎಂದು ಹೊಗಳಿಸಿಕೊಳ್ಳುವ ಹತ್ತು ದಿನದ ಕೂಸು ಕೆಲವೊಮ್ಮೆ ಅಳಲೂ ಶಕ್ತಿಯಿಲ್ಲದ ಕೂಸಾಗಿರಬಹುದು. ಲಂಗೋಟಿ ಒಣಗಿದೆ, ಬಾಯಿ ಒಣಗಿದೆ, ಎಬ್ಬಿಸಿದರೂ ಸರಿಯಾಗಿ ಕುಡಿಯುತ್ತಿಲ್ಲ ಎಂದರೆ ಅದೇ ದಿನ ಆಸ್ಪತ್ರೆ. ಅಂಥ ಮಗುವಿಗೆ ಹೆಚ್ಚುವರಿ ಹಾಲು ಬೇಕೇ ಬೇಕಾಗಬಹುದು. ಎದೆಹಾಲನ್ನೇ ಹಿಂಡಿ ಒಳಲೆಯಲ್ಲಿ ಕುಡಿಸಬಹುದು, ಸಾಲದಿದ್ದರೆ ವೈದ್ಯರು ಹೇಳಿದ್ದನ್ನು ಕೊಡಬೇಕು. ಅಲ್ಲಿ ಹಠ ಮಾಡುವಂತಿಲ್ಲ.

ತೂಕದ ಮಾತನ್ನೂ ಹೇಳಿಬಿಡುತ್ತೇನೆ. ಹುಟ್ಟಿದ ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ. ಇಳಿಕೆ ಶೇಕಡಾ ಹತ್ತನ್ನು ಮೀರಬಾರದು, ಎರಡು ವಾರಗಳಲ್ಲಿ ಹುಟ್ಟಿದ ತೂಕ ಮರಳಿ ಬರಬೇಕು, ಅನಂತರ ಮೊದಲ ಮೂರು ತಿಂಗಳು ದಿನಕ್ಕೆ ಸುಮಾರು 20ರಿಂದ 30 ಗ್ರಾಂ ಏರಬೇಕು. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ನೋಡಲು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬರುವ ಕಾರ್ಯಕ್ರಮ 2011ರಿಂದ ಇದೆ. ಆಕೆಯ ಬಳಿ ತಕ್ಕಡಿ ಇರುತ್ತದೆ. ಕೇಳಿ ತೂಕ ಮಾಡಿಸಿಕೊಳ್ಳಿ.

ಆರನೆಯ ವಾರದ ಸುಮಾರಿಗೆ ಲಂಗೋಟಿ ಇನ್ನೊಂದು ಆಟ ಆಡುತ್ತದೆ. ನನ್ನ ತಂಗಿಯ ಬಾಣಂತನ ನಮ್ಮ ಮನೆಯಲ್ಲೇ ಆಯಿತು. ದಿನಕ್ಕೆ ಐದಾರು ಸಲ ಕಕ್ಕ ಮಾಡುತ್ತಿದ್ದ ಮಗು ನಲವತ್ತನೆಯ ದಿನದ ಹೊತ್ತಿಗೆ ಥಟ್ಟನೆ ನಿಲ್ಲಿಸಿತು. ಒಂದು ದಿನ, ಎರಡು ದಿನ, ನಾಲ್ಕು ದಿನ. ಮನೆಯಲ್ಲಿ ಸಮಾಲೋಚನೆ ಶುರುವಾಯಿತು. ವೀಳ್ಯದೆಲೆಯ ತೊಟ್ಟಿಗೆ ಹರಳೆಣ್ಣೆ ಸವರಿ ಇಡಬೇಕೆಂದು ಒಬ್ಬರು, ಗ್ರೈಪ್ ವಾಟರ್ ಎಂದು ಒಬ್ಬರು, ಜೇನುತುಪ್ಪ ಎಂದು ಇನ್ನೊಬ್ಬರು. ಬಿ.ಎಸ್ಸಿ. ಓದಿದ್ದ ನನಗೂ ಏನು ಹೇಳಬೇಕೆಂದು ತಿಳಿಯಲಿಲ್ಲ. ಆಗ ಪಿ.ಯು.ಸಿ. ಓದುತ್ತಿದ್ದ ನಮ್ಮ ಸಂಬಂಧಿಕರ ಹುಡುಗಿ ತನ್ನ ಹಳೆಯ ನೋಟುಪುಸ್ತಕ ತಂದಳು. ಮೊದಲ ವಾರದಿಂದ ಆಕೆ ಲಂಗೋಟಿ ಒಣಗಿಸುವಾಗಲೆಲ್ಲ ಗೀಟು ಹಾಕಿ ಲೆಕ್ಕ ಇಟ್ಟಿದ್ದಳು. ನಾಲ್ಕೂ ದಿನ ಮೂತ್ರದ ಗೀಟುಗಳು ಎಂಟಕ್ಕಿಂತ ಕಡಿಮೆ ಇರಲಿಲ್ಲ. ಹೊಟ್ಟೆ ಮೆತ್ತಗಿತ್ತು, ಮಗು ನಗುತ್ತಿತ್ತು. ವೈದ್ಯರು ಆ ಪುಸ್ತಕ ನೋಡಿ, ಏನೂ ಮಾಡಬೇಡಿ ಎಂದು ಕಳಿಸಿದರು. ಏಳನೆಯ ದಿನ ಮೆತ್ತಗಿನ ಹಳದಿ ಮಲ, ಅದೂ ಧಾರಾಳವಾಗಿ, ನನ್ನ ಇಸ್ತ್ರಿ ಮಾಡಿದ ಅಂಗಿಯ ಮೇಲೆಯೇ ಆಯಿತು.

ಎದೆಹಾಲು ಮಾತ್ರ ಕುಡಿಯುವ ಮಗು ಮೊದಲ ತಿಂಗಳು ದಾಟಿದ ಮೇಲೆ ಹೀಗೆ ವಾರದವರೆಗೂ ಮಲ ವಿಸರ್ಜಿಸದೆ ಇರಬಹುದು. ಕರುಳು ಬಲಿತಿರುತ್ತದೆ, ಹಾಲಿನ ಬಹುಪಾಲು ದೇಹಗತವಾಗಿರುತ್ತದೆ, ಉಳಿಯುವ ಕಸವೇ ಕಡಿಮೆ. ಮಲಬದ್ಧತೆ ಎಂದರೆ ಗಟ್ಟಿಯಾಗಿರುವುದು, ದಿನ ತಪ್ಪುವುದಲ್ಲ. ಆದರೆ ಇದೇ ಮಾತನ್ನು ಹತ್ತು ದಿನದ ಕೂಸಿಗೆ ಹೇಳುವಂತಿಲ್ಲ! ಮೊದಲ ತಿಂಗಳಿನಲ್ಲಿ ಮಲ ಅಪರೂಪವಾದರೆ ಹಾಲು ಕಡಿಮೆಯಾಗಿರಬಹುದು. ಅಂಕಿ ಒಂದೇ, ವಯಸ್ಸು ಬೇರೆಯಾದರೆ ಅರ್ಥ ಬೇರೆ. ಹೊಟ್ಟೆ ಉಬ್ಬಿದರೆ, ಹಸಿರು ವಾಂತಿಯಾದರೆ ಯಾವ ವಯಸ್ಸಿನಲ್ಲೂ ತಡಮಾಡಬಾರದು. ಎಲೆಯ ತೊಟ್ಟು ಗುದದ್ವಾರವನ್ನು ಗಾಯ ಮಾಡಬಹುದು. ಜೇನುತುಪ್ಪವನ್ನು ವರ್ಷ ತುಂಬುವವರೆಗೆ ಕೊಡಬಾರದು, ಅದರಲ್ಲಿ ಬಾಟ್ಯುಲಿಸಂ ರೋಗಾಣುವಿನ ಬೀಜಾಣುಗಳಿರಬಹುದು. ಬೇಸಿಗೆಯೆಂದು ನೀರೂ ಬೇಡ. ಎದೆಹಾಲಿನಲ್ಲಿ ಶೇಕಡಾ 87ರಷ್ಟು ನೀರೇ ಇದೆ.

ನಾಲ್ಕನೆಯ ತಟ್ಟೆ ಹಾಗೇ ಉಳಿದಿದೆ. ಸೀಮೆಸುಣ್ಣದ ತಟ್ಟೆ. ಬಿಳಿ, ಬೂದು ಅಥವಾ ಜೇಡಿಮಣ್ಣಿನ ಬಣ್ಣದ ಮಲ ಕಂಡರೆ ಪಿತ್ತರಸ ಕರುಳಿಗೆ ಬರುತ್ತಿಲ್ಲ ಎಂದರ್ಥ. ಕೆಲವು ಮಕ್ಕಳಲ್ಲಿ ಹುಟ್ಟಿದ ಕೆಲವು ವಾರಗಳಲ್ಲಿ ಪಿತ್ತನಾಳಗಳು ಮುಚ್ಚಿಹೋಗುತ್ತವೆ. ಬಿಲಿಯರಿ ಅಟ್ರೀಸಿಯಾ ಎಂಬ ಅಪರೂಪದ ರೋಗವಿದು. ಮೊದಮೊದಲು ಮಗು ಚೆನ್ನಾಗಿಯೇ ಹಾಲು ಕುಡಿಯುತ್ತದೆ, ನೋಡಲು ಆರೋಗ್ಯವಾಗಿಯೇ ಇರುತ್ತದೆ. ಕಾಮಾಲೆ ಎರಡು ವಾರ ದಾಟಿದರೂ ಇಳಿಯದೆ, ಮಲ ಬಿಳಿಚಿಕೊಂಡು, ಮೂತ್ರ ಬಟ್ಟೆಗೆ ಗಾಢ ಹಳದಿ ಕಲೆ ಮಾಡುವುದೇ ಸುಳಿವು. ಜಪಾನಿನ ಶಸ್ತ್ರವೈದ್ಯ ಮೊರಿಯೊ ಕಸಾಯಿ 1950ರ ದಶಕದಲ್ಲಿ ಇದಕ್ಕೊಂದು ಶಸ್ತ್ರಚಿಕಿತ್ಸೆ ರೂಪಿಸಿದ. ಸುಮಾರು 60 ದಿನಗಳ ವಯಸ್ಸಿನೊಳಗೆ ಮಾಡಿದರೆ ಅದು ಫಲಿಸುವ ಸಾಧ್ಯತೆ ಹೆಚ್ಚು. ತಡವಾದಷ್ಟೂ ಯಕೃತ್ತು ಹಾಳಾಗುತ್ತ ಹೋಗುತ್ತದೆ. ತೈವಾನ್ 2004ರಲ್ಲಿ ದೇಶದ ಪ್ರತಿ ಮಗುವಿನ ಆರೋಗ್ಯ ಪುಸ್ತಕದಲ್ಲೂ ಮಲದ ಬಣ್ಣಗಳ ಒಂದು ಕಾರ್ಡನ್ನು ಸೇರಿಸಿತು. ತಾಯಿ ಲಂಗೋಟಿಯನ್ನು ಕಾರ್ಡಿನ ಪಕ್ಕ ಹಿಡಿದು ನೋಡಬೇಕು, ಅಷ್ಟೇ. ಸಕಾಲದಲ್ಲಿ ಶಸ್ತ್ರಚಿಕಿತ್ಸೆ ಪಡೆದ ಮಕ್ಕಳ ಪ್ರಮಾಣ ಅಲ್ಲಿ ಗಣನೀಯವಾಗಿ ಏರಿತು. 2012ರಲ್ಲಿ ಜಪಾನ್ ಕೂಡ ಇಂಥ ಕಾರ್ಡನ್ನು ದೇಶದಾದ್ಯಂತ ತಾಯಿ-ಮಗುವಿನ ಪುಸ್ತಕಕ್ಕೆ ಸೇರಿಸಿತು.

ನಮ್ಮ ಬಾಣಂತಿ ಕೋಣೆಗಳಲ್ಲಿ ಒಂದು ಅಡಚಣೆ ಇದೆ. ಗಾಳಿ ತಾಗಬಾರದೆಂದು ಕಿಟಕಿ ಮುಚ್ಚಿ ಝೀರೋ ಬಲ್ಬು ಉರಿಸಿರುತ್ತಾರೆ. ಆ ಬೆಳಕಿನಲ್ಲಿ ಬಿಳಿಯೂ ಹಳದಿಯಾಗಿಯೇ ಕಾಣುತ್ತದೆ. ಲಂಗೋಟಿಯನ್ನು ಒಗೆಯಲು ಹಾಕುವ ಮೊದಲು ಹಿತ್ತಿಲ ಬಾಗಿಲಿಗೆ ತಂದು ಹಗಲು ಬೆಳಕಿನಲ್ಲಿ ಒಮ್ಮೆ ನೋಡಿ. ಅನುಮಾನ ಬಂದರೆ ಒಗೆಯದೆ ಹಾಗೆಯೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು, ಮಗುವಿನ ಜೊತೆಗೆ, ಆ ದಿನವೇ ಮಕ್ಕಳ ವೈದ್ಯರ ಬಳಿಗೆ ಹೋಗಿ. ಅವರು ಮೂಗು ಮುರಿಯುವುದಿಲ್ಲ.